ತೆಗೆದರೆಂದು ಹೇಳಿದ ಗಡ್ಡೆ

ಗೊಳಸಂಗಿಯ ರೇವವ್ವನ ಕೈಯನ್ನು ನಂಬದ ಕುರಿಗಾರ ಆ ಸೀಮೆಯಲ್ಲೇ ಇರಲಿಲ್ಲ. ಕುರಿಯ ಹೊಟ್ಟೆಯ ಕೆಳಗೆ ಅಂಗೈ ಇಟ್ಟು ಒಂದು ಗಳಿಗೆ ಕಣ್ಣು ಮುಚ್ಚಿದಳೆಂದರೆ ಸಾಕು, ಗಬ್ಬವಾಗಿ ಎಷ್ಟು ತಿಂಗಳು, ಮರಿ ಒಂದೋ ಎರಡೋ, ಎಲ್ಲ ಹೇಳಿಬಿಡುತ್ತಿದ್ದಳು. ಮುದ್ದೇಬಿಹಾಳದ ಸಂತೆಯಲ್ಲಿ ಗೊಡ್ಡು ಎಂದು ಎಲ್ಲರೂ ಬಿಟ್ಟ ಕುರಿಯನ್ನು ಒಮ್ಮೆ ಆಕೆ ಕೊಂಡು ತಂದಿದ್ದಳು. ಎರಡೇ ತಿಂಗಳಿಗೆ ಅದು ಜೋಡಿ ಮರಿ ಹಾಕಿ ಬಿಟ್ಟವರ ಹೊಟ್ಟೆ ಉರಿಸಿತು.

ಅಂಥ ಹೆಂಗಸಿಗೆ, ಅವಳದೇ ಹೊಟ್ಟೆಯಲ್ಲಿ ಏನಿದೆ ಎಂಬುದನ್ನು ಆರು ತಿಂಗಳು ಯಾರೂ ಹೇಳಲಿಲ್ಲ. ತಮ್ಮನಿಗೆ ಗೊತ್ತಿತ್ತು, ತಮ್ಮನ ಹೆಂಡತಿಗೆ ಗೊತ್ತಿತ್ತು, ಓಣಿಗೆ ಗೊತ್ತಿತ್ತು. ಹಾಲು ಹಾಕಿಸಿಕೊಳ್ಳಲು ಬರುವ ಮುದುಕಿಗೂ ಗೊತ್ತಿತ್ತು. ಗೊತ್ತಿರದಿದ್ದವಳು ಹೊಟ್ಟೆಯ ಒಡತಿ ಒಬ್ಬಳೇ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಆಕೆ ಇತರರು ಹೇಳಿದ್ದು ಕೇಳಿಕೊಂಡು ಮೂಲೆಯಲ್ಲಿ ಕೂರುವ ಜೀವವೂ ಅಲ್ಲ. ಇಪ್ಪತ್ತಾರಕ್ಕೆ ಗಂಡ ತೀರಿಕೊಂಡ. ತವರಿಗೆ ಬಂದ ವರ್ಷವೇ ಅಪ್ಪ ಅವ್ವ ಇಬ್ಬರೂ ಹೋದರು. ಉಳಿದದ್ದು ನಲವತ್ತು ಕುರಿ, ಹದಿನಾಲ್ಕು ವರ್ಷದ ತಮ್ಮ ಸಿದ್ದರಾಯ. ಕುರಿ ಕಾದು, ಉಣ್ಣೆ ಮಾರಿ, ತಮ್ಮನನ್ನು ಓದಿಸಿ ಮನಗೂಳಿಯಲ್ಲಿ ಸಾಲಿ ಮಾಸ್ತರನನ್ನಾಗಿ ಮಾಡಿದವಳು ಇವಳು. ಮರುಮದುವೆಯ ಮಾತು ಎತ್ತಿದವರಿಗೆ, ತಮ್ಮನ ಕೂಸನ್ನು ಎತ್ತಿ ಆಡಿಸಿದರೆ ಸಾಕು ಎಂದಳು. ಆ ಕೂಸು ರಾಜಶ್ರೀ ಈಗ ಬಸವನ ಬಾಗೇವಾಡಿಯ ಕಾಲೇಜಿಗೆ ಹೋಗುತ್ತಾಳೆ.

ಕುರಿ ಸಂತೆಯ ವ್ಯಾಪಾರ ಬಾಯಿಂದ ನಡೆಯುವುದಿಲ್ಲ. ಕೊಳ್ಳುವವ ಮತ್ತು ಮಾರುವವ ಒಂದು ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳಿನಿಂದಲೇ ದರ ಹೇಳಿಕೊಳ್ಳುತ್ತಾರೆ. ಪಕ್ಕದಲ್ಲಿ ನಿಂತವನಿಗೂ ತಿಳಿಯಬಾರದು. ರೇವವ್ವ ಮೊದಲ ಸಲ ಆ ಟವೆಲ್ಲಿನ ಕೆಳಗೆ ಕೈ ಇಟ್ಟಾಗ ಗಂಡಸರು ನಕ್ಕರು. ದಲಾಲಿ ರಸೂಲಸಾಬ ಮಾತ್ರ ನಗಲಿಲ್ಲ. 'ಬೆರಳಿಗೆ ಗಂಡು ಹೆಣ್ಣು ಅಂತ ಇರೂದಿಲ್ಲ, ಹಿಡೀರಿ' ಎಂದ. ಊರು ನಾಲ್ಕು ದಿನ ಆಡಿಕೊಂಡಿತು, ಐದನೆಯ ದಿನ ತನ್ನ ಕುರಿ ಮಾರಿಕೊಡು ಎಂದು ಇವಳ ಬಾಗಿಲಿಗೇ ಬಂತು. ಅಂದಿನಿಂದ ಇಪ್ಪತ್ತೈದು ವರ್ಷ ಇಬ್ಬರೂ ಕೂಡಿಯೇ ಸಂತೆ ಮಾಡಿದ್ದಾರೆ.

ಹೋದ ವರ್ಷ ದೀಪಾವಳಿಯ ಹೊತ್ತಿಗೆ ಅವಳ ಹೊಟ್ಟೆ ಎಡಗಡೆ ಉಬ್ಬತೊಡಗಿತು. ನೋವಿಲ್ಲ, ಜ್ವರವಿಲ್ಲ. ಸಂತೆಗೆ ಹೋದಲ್ಲೇ ತೋರಿಸಿಕೊಂಡಳು. ಇಂಡಿಯಲ್ಲಿ ಒಬ್ಬ ಡಾಕ್ಟರು ಗ್ಯಾಸ್ ಎಂದು ಎರಡು ತಿಂಗಳು ಗುಳಿಗೆ ನುಂಗಿಸಿದ. ಸಿಂದಗಿಯಲ್ಲಿ ಇನ್ನೊಬ್ಬ, ಮುಟ್ಟಿಯೂ ನೋಡದೆ, 'ವಯಸ್ಸಾತಲ್ಲಬೇ, ಹೊಟ್ಟಿ ಬರೂದ' ಎಂದ. ಕುರಿಯನ್ನಾದರೂ ಮುಟ್ಟದೆ ಯಾರೂ ಬೆಲೆ ಕಟ್ಟುವುದಿಲ್ಲ. ಕೊನೆಗೆ ಬಾಗೇವಾಡಿಯಲ್ಲಿ ಸ್ಕ್ಯಾನ್ ಮಾಡಿಸಿದಾಗ ದೊಡ್ಡ ಗಡ್ಡೆ ಕಂಡಿತು. ಜಿಲ್ಲಾ ಊರಿನ ಒಂದು ಖಾಸಗಿ ಆಸ್ಪತ್ರೆಯ ಸರ್ಜನ್ನು ಗರ್ಭಕೋಶದ ಗಡ್ಡೆ ಇರಬೇಕು ಎಂದು ಹೇಳಿ, ಇನ್ನೊಂದು ಪರೀಕ್ಷೆ ಮಾಡಿಸುವ ತಾಳ್ಮೆಯೂ ಇಲ್ಲದೆ, ಮೂರನೆಯ ದಿನಕ್ಕೆ ಹೊಟ್ಟೆ ಕೊಯ್ದ.

ಕೊಯ್ದು ನೋಡಿದರೆ ಅದು ಗರ್ಭಕೋಶದ್ದಲ್ಲ. ಕರುಳಿನ ಹಿಂದೆ, ಬೆನ್ನಿಗೆ ಹತ್ತಿ, ಎಡ ಮೂತ್ರಪಿಂಡವನ್ನು ಒಳಗೆ ಹಾಕಿಕೊಂಡು, ದೊಡ್ಡ ರಕ್ತನಾಳಕ್ಕೆ ಅಂಟಿ ಕೂತಿತ್ತು. ಅದನ್ನು ತೆಗೆಯುವ ಕೈ ಅವನದಲ್ಲ. ಒಂದು ಚೂರು ಕತ್ತರಿಸಿ ಲ್ಯಾಬಿಗೆ ಕಳಿಸಿ, ಉಳಿದದ್ದನ್ನು ಇದ್ದ ಹಾಗೆಯೇ ಬಿಟ್ಟು ಹೊಲಿದ. ಆಮೇಲೆ ಸಿದ್ದರಾಯನನ್ನು ಹೊರಗೆ ಕರೆದು ಹೇಳಿದ.

ಸಿದ್ದರಾಯ ಮೊದಲು ಹೇಳಿದ ಮಾತು, 'ನಮ್ಮ ಅಕ್ಕಗ ಹೇಳಬ್ಯಾಡ್ರಿ.' ಡಾಕ್ಟರು ತಲೆಯಾಡಿಸಿದ. ಅವನಿಗೂ ಅದೇ ಬೇಕಾಗಿತ್ತು.

ಎಚ್ಚರವಾದ ರೇವವ್ವ ಕೇಳಿದಳು. 'ತಗದ್ರೇನೋ ತಮ್ಮಾ?'

'ಹೂನಬೇ ಅಕ್ಕಾ, ತಗದಾರ.'

'ಎಲ್ಲಿ ಐತಿ? ಬುಟ್ಟ್ಯಾಗ ಹಾಕಿ ತೋರಸ್ತಾರಂತಲ್ಲ?'

'ತಪಾಸಣೆಗಿ ಕಳಿಸ್ಯಾರ. ನೀ ಹೊಟ್ಟಿ ಮುಟ್ಟಿಕೊಳ್ಳಬ್ಯಾಡ, ಹೊಲಿಗಿ ಬಿಚ್ಚತಾವ.'

ಅವಳು ಮುಟ್ಟಿಕೊಳ್ಳಲಿಲ್ಲ. ತನ್ನ ಕೈಗಿಂತ ತಮ್ಮನ ಮಾತನ್ನು ಹೆಚ್ಚು ನಂಬಿದಳು, ಸಾಕಿದ ತಪ್ಪಿಗೆ. ಹೊಟ್ಟೆ ಇಳಿದಿಲ್ಲವಲ್ಲ ಎಂದರೆ ಹೊಲಿಗೆಯ ಬಾವು ಎಂದರು. ಯುಗಾದಿಗೆ ಮಾಳಿಂಗರಾಯನ ಗುಡಿಗೆ ಹೋಗಿ, ಭಂಡಾರದ ಅರಿಶಿನ ಹಾರಿಸಿ, ಹರಕೆಯ ಟಗರು ಬಿಟ್ಟು, ಊರಿಗೆಲ್ಲ ಹುಗ್ಗಿಯ ಊಟ ಹಾಕಿದಳು. ಗಡ್ಡೆ ಹೋಯಿತೆಂದು. ಪಂಕ್ತಿಯಲ್ಲಿ ಕೂತ ಅರ್ಧ ಜನಕ್ಕೆ ಗಡ್ಡೆ ಹೋಗಿಲ್ಲವೆಂದು ಗೊತ್ತಿತ್ತು. ಗೊತ್ತಿದ್ದೂ ಎರಡೆರಡು ಸಲ ಹುಗ್ಗಿ ಹಾಕಿಸಿಕೊಂಡು ಉಂಡರು.

ಆಷಾಢದಲ್ಲಿ ಒಂದು ದಿನ ಮುದ್ದೇಬಿಹಾಳದ ಸಂತೆ. ಯಾರೋ ಒಂದು ಕುರಿ ತಂದು, ನಾಲ್ಕು ತಿಂಗಳ ಗಬ್ಬ ಎಂದು ದರ ಏರಿಸುತ್ತಿದ್ದ. ರೇವವ್ವ ಕೂತು ಕೈ ಇಟ್ಟಳು.

'ಇದು ಮರಿ ಅಲ್ಲೋ ಯಪ್ಪಾ' ಎಂದಳು. 'ಮರಿ ಆದ್ರ ಒತ್ತಿದ್ರ ಜಾರತೈತಿ, ತಿರುಗಿ ಬಂದು ಕೈಗಿ ಬಡೀತೈತಿ. ಇದು ಗಡ್ಡಿ. ಕುಂತಲ್ಲೇ ಕುಂತೈತಿ.'

ಹೇಳುತ್ತಿರುವಾಗಲೇ ಅವಳ ಇನ್ನೊಂದು ಕೈ ತನ್ನ ಸೆರಗಿನೊಳಗೆ ಹೋಗಿತ್ತು. ಎದ್ದು ಬೇವಿನ ಮರದ ಹಿಂದೆ ಹೋದಳು. ಬೆನ್ನು ಕೊಟ್ಟು ನಿಂತು, ಉಸಿರು ಬಿಟ್ಟು, ಕುರಿಯನ್ನು ನೋಡುವ ಹಾಗೆಯೇ ತನ್ನ ಹೊಟ್ಟೆಯನ್ನು ನೋಡಿಕೊಂಡಳು. ಪಕ್ಕೆಲುಬಿನ ಕೆಳಗಿಂದ ಸೊಂಟದವರೆಗೂ ಇತ್ತು. ಮೊದಲಿಗಿಂತ ದೊಡ್ಡದಾಗಿತ್ತು.

'ರಸೂಲಣ್ಣಾ' ಎಂದು ಕರೆದಳು. 'ನಂದು ಐತಿ. ತಗದಿಲ್ಲ.'

ರಸೂಲಸಾಬ ನೆಲ ನೋಡಿದ.

'ನಿನಗೂ ಗೊತ್ತೈತೇನು?'

'ಮಾಸ್ತರ ಆಣಿ ಹಾಕಿಸಿಕೊಂಡಾನ, ರೇವಕ್ಕ.'

ಇಪ್ಪತ್ತೈದು ವರ್ಷ ಒಂದೇ ಒಂದು ದರವನ್ನೂ ಇವಳಿಂದ ಮುಚ್ಚಿಡದ ಮನುಷ್ಯ. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಊರಿನ ಬಸ್ಸು ಹತ್ತಿದಳು.

ಮನೆಯಲ್ಲಿ ಸಿದ್ದರಾಯ ಆಗಷ್ಟೇ ಸಾಲಿಯಿಂದ ಬಂದು ಚಹಾ ಕುಡಿಯುತ್ತಿದ್ದ. ರೇವವ್ವ ಕುಪ್ಪಸದ ಕೆಳಗೆ ಸೀರೆ ಸರಿಸಿ, ಉದ್ದದ ಹೊಲಿಗೆಯ ಕಲೆ ಕಾಣುವ ಹಾಗೆ ಅವನ ಮುಂದೆ ನಿಂತಳು.

'ಕೈ ಇಡು' ಎಂದಳು. 'ಏನ ತಗದ್ರು, ಎಲ್ಲಿಂದ ತಗದ್ರು, ತೋರಸು.'

ಅವನು ಬಟ್ಟಲು ಕೆಳಗಿಟ್ಟ. 'ಅಕ್ಕಾ, ನಿನಗ ಹೇಳಿದ್ರ ಎದಿ ಒಡಕೊಂಡು ಹೋಗ್ತಿ ಅಂತ...'

'ಗಂಡ ಸತ್ತಾಗ ಒಡೀಲಿಲ್ಲ. ಅಪ್ಪ ಅವ್ವ ಒಂದ ವರ್ಷದಾಗ ಹ್ವಾದಾಗ ಒಡೀಲಿಲ್ಲ. ನಿನ್ನ ಓದ್ಸಾಕ ವರ್ಷಗಟ್ಟಲೆ ಕುರಿ ಕಾಕೋತ ಮಂದಿ ಹೊಲದಾಗ ಮಲಕೊಂಡಾಗ ಒಡೀಲಿಲ್ಲ. ಈಗ ಒಡೀತಿತ್ತೇನು ನನ್ನ ಎದಿ? ಒಡೀತಿತ್ತು ಅಂದ್ರ ನಿಂದು, ನಂದಲ್ಲ. ನಿನ್ನ ಅಂಜಿಕಿನ ನನ್ನ ಹೊಟ್ಟ್ಯಾಗ ಇಟ್ಟು ಕುಂತಿ.'

'ನಿನ್ನ ಒಳ್ಳೇದಕ್ಕ...'

'ದೇವರ ಮುಂದ ಭಂಡಾರ ಹಾರಿಸಿ, ಗಡ್ಡಿ ಹೋತಪ್ಪಾ ಅಂತ ಅಡ್ಡ ಬಿದ್ದೆ. ನನ್ನ ಬಾಯಿಲೇ ದೇವರಿಗೆ ಸುಳ್ಳ ಹೇಳಿಸಿದೆಲ್ಲೋ ಮಾಸ್ತರಾ!'

ಜೀವಮಾನದಲ್ಲಿ ಅಕ್ಕ ಅವನನ್ನು ಮಾಸ್ತರ ಎಂದು ಕರೆದದ್ದು ಅದೇ ಮೊದಲು. ರಾಜಶ್ರೀ ಯಾರಿಗೂ ಹೇಳದೆ ಒಳಗೆ ಹೋಗಿ, ಟ್ರಂಕಿನ ತಳದಲ್ಲಿ ಕಂಬಳಿ ಕೆಳಗೆ ಇಟ್ಟಿದ್ದ ಫೈಲು ತಂದು ಅತ್ತೆಯ ಮುಂದೆ ಕೂತು ಓದಿದಳು. ಹೊಟ್ಟೆ ತೆರೆದದ್ದು, ತೆಗೆಯಲು ಆಗದ್ದು, ಮುಚ್ಚಿದ್ದು, ಎಲ್ಲ ಬರೆದಿತ್ತು. ಕೊನೆಯ ಪುಟದಲ್ಲಿ ಚೂರನ್ನು ಲ್ಯಾಬಿಗೆ ಕಳಿಸಿದೆ, ವರದಿ ಬರಬೇಕು ಎಂದಿತ್ತು.

'ಆ ವರದಿ ಎಲ್ಲಿ ಐತಿ ಅಪ್ಪಾ?' ಎಂದಳು ರಾಜಶ್ರೀ.

ತಂದಿರಲಿಲ್ಲ. ಲ್ಯಾಬಿನವರು ಎರಡು ಸಲ ಫೋನ್ ಮಾಡಿದರೂ ಹೋಗಿರಲಿಲ್ಲ. ಆ ಮನೆಯಲ್ಲಿ ಆ ರೋಗದ ಹೆಸರು ಎತ್ತುವುದಿಲ್ಲ, 'ಅದು' ಎನ್ನುತ್ತಾರೆ. ಹೆಸರು ಬರೆದ ಕಾಗದ ಹೊಸ್ತಿಲು ದಾಟಿದರೆ ರೋಗವೂ ದಾಟುತ್ತದೆ ಎಂದು ಅವರ ಅವ್ವ ಹೇಳುತ್ತಿದ್ದಳು. ಮೂವತ್ತು ಮಕ್ಕಳಿಗೆ ಅಕ್ಷರ ಕಲಿಸುವ ಮಾಸ್ತರ, ಒಂದು ಕಾಗದದ ಅಕ್ಷರಕ್ಕೆ ಹೆದರಿ ಆರು ತಿಂಗಳು ಅದನ್ನು ಲ್ಯಾಬಿನಲ್ಲೇ ಕೊಳೆಹಾಕಿದ್ದ. ಗಡ್ಡೆಗೆ ಓದಲು ಬರುತ್ತಿರಲಿಲ್ಲ. ಅದು ತನ್ನ ಪಾಡಿಗೆ ಬೆಳೆಯಿತು.

ಮರುದಿನ ರೇವವ್ವ ರಾಜಶ್ರೀಯನ್ನು ಕರೆದುಕೊಂಡು ಲ್ಯಾಬಿಗೆ ಹೋದಳು. ಕಿಟಕಿಯಲ್ಲಿ ಕೂತವನು ಕಾಗದ ನೋಡಿ, ಇವಳನ್ನು ನೋಡಿ, 'ಮನಿಯವರನ್ನ ಕಳಿಸ್ರಿ' ಎಂದ.

'ಹೊಟ್ಟಿ ನಂದು. ಕಾಗದಾನೂ ನಂದು. ಕೊಡು ಇತ್ತ.'

ಹಿಂದೆ ಸಾಲಿನಲ್ಲಿದ್ದವರು ತಿರುಗಿ ನೋಡುವಷ್ಟು ಜೋರಾಗಿತ್ತು ಆ ದನಿ. ಅವನು ಕೊಟ್ಟ. ಬಾಗಿಲಲ್ಲೇ ರಾಜಶ್ರೀ ಓದಿದಳು. ಲೈಪೋಸಾರ್ಕೋಮಾ. ಕೊಬ್ಬಿನಿಂದ ಹುಟ್ಟುವ ಕ್ಯಾನ್ಸರು, ಬಹಳ ಅಪರೂಪದ್ದು ಎಂದು ಮೊಬೈಲಿನಲ್ಲಿ ನೋಡಿ ಬಿಡಿಸಿ ಹೇಳಿದಳು. ರೇವವ್ವ ಆ ಹೆಸರನ್ನು ಎರಡು ಸಲ ಬಾಯಲ್ಲಿ ಆಡಿಸಿದಳು. ನಾಲಿಗೆಗೆ ಸರಿಯಾಗಿ ಸಿಗಲಿಲ್ಲ.

'ಕ್ಯಾನ್ಸರ್' ಎಂದಳು ಆಮೇಲೆ, ಗಟ್ಟಿಯಾಗಿ. 'ಇದ ಸಲುವಾಗಿ ಆರ ತಿಂಗಳ ಮುಚ್ಚಿಟ್ರು. ಹೆಸರ ಅಂದ್ರ ಕಚ್ಚೂದಿಲ್ಲ ನೋಡು ರಾಜೀ.'

ರಾಜಶ್ರೀ ಅತ್ತಳು. ತನಗೂ ಗೊತ್ತಿತ್ತು, ಹೇಳಲು ಬಿಡಲಿಲ್ಲ ಎಂದಳು. ರೇವವ್ವ ಅವಳನ್ನು ಬೈಯಲಿಲ್ಲ, ಚಹಾ ಕುಡಿಸಿದಳು. ಇನ್ನು ಯಾರು ಏನೇ ಹೇಳಲಿ, ಅದನ್ನು ತನ್ನ ಮುಖಕ್ಕೆ ಹೇಳಬೇಕು, ತೆಗೆಯಬಲ್ಲವರು ಎಲ್ಲಿದ್ದರೂ ತಾನೇ ಹೋಗಿ ಕೇಳಬೇಕು ಎಂದು ಅಲ್ಲೇ ಗಂಟು ಹಾಕಿಕೊಂಡಳು. ಸಿದ್ದರಾಯ ಜೊತೆಗೆ ಬರುತ್ತೇನೆ ಎಂದಾಗ, 'ನೀ ಸಾಲಿ ನೋಡಕೋ' ಎಂದಳು. ರಸೂಲಸಾಬ ತಾನೇ ಬಂದು ನಿಂತ. ತಪ್ಪಾಯಿತು ಎನ್ನುವ ಬದಲು ಅವಳ ಚೀಲ ಹಿಡಿದುಕೊಂಡ.

ಮೊದಲು ಸೊಲ್ಲಾಪುರ. ದೊಡ್ಡ ಆಸ್ಪತ್ರೆ, ಎರಡು ತಾಸು ಕಾದ ಮೇಲೆ ಡಾಕ್ಟರು ಸಿಕ್ಕ. ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದ, ರೇವವ್ವನನ್ನು ಒಮ್ಮೆಯೂ ನೋಡದೆ, ತೂಕ ಮಾಡಿಸಿಕೊಂಡು ಬರಲಿ ಎಂದು ಹೊರಗೆ ಕಳಿಸಿದ. ಬಾಗಿಲು ಮುಚ್ಚಿದ ಮೇಲೆ ಗಡ್ಡದ ಗಂಡಸೇ ಯಜಮಾನ ಇರಬೇಕೆಂದು ರಸೂಲಸಾಬನ ಕಡೆ ಬಾಗಿ ದನಿ ಇಳಿಸಿ ಮಾತು ಶುರು ಮಾಡಿದ. ರಸೂಲಸಾಬ ಕೈ ಎತ್ತಿ ತಡೆದ.

'ಸಾಹೇಬ್ರ, ನಾ ಕುರಿ ದಲಾಲಿ ರೀ. ಟವೆಲ್ ಕೆಳಗ ವ್ಯಾಪಾರ ಮಾಡೂದು ನಮ್ಮ ಕಸಬು. ಆದ್ರ ಟವೆಲ್ ಕೆಳಗ ಮಾರೋನ ಕೈಯಿ ಇರತೈತಿ, ಕೊಳ್ಳೋನ ಕೈಯಿ ಇರತೈತಿ. ನೀವು ಮಾಲ್ ಯಾರದೈತೋ ಅವರನ್ನ ಹೊರಗ ಕಳಿಸಿ ನನ್ನ ಕೈ ಹಿಡದೀರಿ. ಇಂಥಾ ವ್ಯಾಪಾರ ಸಂತ್ಯಾಗ ಸುದ್ದಾ ನಡಿಯೂದಿಲ್ಲ.'

ಎದ್ದು ಹೋಗಿ ಬಾಗಿಲು ತೆರೆದು, 'ಬಾ ರೇವಕ್ಕ, ನಿಂದ ಮಾತ ನಡದೈತಿ' ಎಂದ. ಅವಳು ಬಂದು ಡಾಕ್ಟರ ಎದುರಿಗೇ ಕೂತಳು. ಡಾಕ್ಟರಿಗೆ ಸಿಟ್ಟು ಬಂದಿತ್ತು. ತೆಗೆಯಲು ಆಗುವುದಿಲ್ಲ, ಅಂಟಿಕೊಂಡಿದೆ, ಮನೆಗೆ ಹೋಗಿ ಬೇಕಾದ್ದು ತಿಂದುಕೊಂಡು ಇರಿ ಎಂದ. ಮುಂದಿನವರು ಎಂದು ಗಂಟೆ ಒತ್ತಿದ. ಅವಳ ಹೊಟ್ಟೆಯನ್ನು ಅವನೂ ಮುಟ್ಟಲಿಲ್ಲ.

ಎರಡನೆಯದು ಹುಬ್ಬಳ್ಳಿ. ಅಲ್ಲಿನ ವಯಸ್ಸಾದ ಸರ್ಜನ್ನು ಮಲಗಿಸಿ, ಮುಟ್ಟಿ, ಅರ್ಧ ತಾಸು ಫಿಲ್ಮು ನೋಡಿದ. ಆಮೇಲೆ ಕನ್ನಡಕ ತೆಗೆದು ಅವಳಿಗೇ ಹೇಳಿದ.

'ನೋಡ್ರಿ ತಾಯಿ, ಆಗೂದಿಲ್ಲ ಅನ್ನೂದು ಸುಳ್ಳು. ನನ್ನ ಕೈಲಿ ಆಗೂದಿಲ್ಲ ಅನ್ನೂದು ಖರೆ. ಇಂಥಾದ್ದು ನಾ ಎರಡ ವರ್ಷಕ್ಕೊಮ್ಮೆ ನೋಡ್ತೇನಿ. ತಿಂಗಳಾ ತಿಂಗಳಾ ಮಾಡೋರು ಬೆಂಗಳೂರಾಗ ಅದಾರ. ಮೊದಲ ಹೊಟ್ಟಿ ತೆರದಾಂವ ತೆರೀಬಾರದಿತ್ತು. ಚೀಟಿ ಬರದು ಕೊಡ್ತೇನಿ, ಹೋಗ್ರಿ.'

ತನ್ನ ಕೈಲಿ ಆಗದು ಎಂಬ ಈ ಒಂದು ಮಾತನ್ನು ಜನವರಿಯಲ್ಲೇ ಮೊದಲು ಕೊಯ್ದವನು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು? ರೇವವ್ವ ಆ ಮುದುಕ ಡಾಕ್ಟರಿಗೆ ಕೈ ಮುಗಿದಳು. ಹೊರಗೆ ಬಂದು ಅರ್ಧ ವರ್ಷದಲ್ಲಿ ಮೊದಲ ಸಲ ಎರಡು ರೊಟ್ಟಿ ಪೂರ್ತಿ ತಿಂದಳು.

ಬಾಗೇವಾಡಿ ರೋಡ್ ಸ್ಟೇಷನ್ನಿನಿಂದ ರೇವವ್ವ ರಾಜಶ್ರೀಯ ಜೊತೆ ಬೆಂಗಳೂರಿನ ರೈಲು ಹತ್ತುವಾಗ ಸಿದ್ದರಾಯ ರಜೆ ಹಾಕಿ ಬಂದು ನಿಂತಿದ್ದ. ಮುಖ ಇಳಿದಿತ್ತು. ಅವಳು ಬಾ ಎನ್ನಲಿಲ್ಲ, ಬೇಡವೂ ಎನ್ನಲಿಲ್ಲ. ಅವನು ಬೇರೆ ಡಬ್ಬಿ ಹತ್ತಿದ.

ಬೆಂಗಳೂರಿನ ಸರ್ಜನ್ನು ವಿಜಯಲಕ್ಷ್ಮಿ ಎಂಬ ಹೆಂಗಸು. ಫೈಲು ತೆರೆಯುವ ಮೊದಲು ಕೇಳಿದ್ದು, 'ನಿಮಗೆ ಏನಾಗಿದೆ ಅಂತ ನಿಮಗೆ ಗೊತ್ತಿರೋದನ್ನ ಹೇಳಿಯಮ್ಮ.' ರೇವವ್ವ ಹೇಳಿದಳು, ತಡವರಿಸದೆ, ರೋಗದ ಹೆಸರನ್ನೂ ಬಿಡದೆ. ಡಾಕ್ಟರು ಪೂರ್ತಿ ಕೇಳಿದಳು. ಲ್ಯಾಬಿನಿಂದ ಚೂರನ್ನು ತರಿಸಿ ಮತ್ತೆ ನೋಡಿಸಿದಳು, ಹೊಸ ಸ್ಕ್ಯಾನ್ ಮಾಡಿಸಿದಳು, ಬೇರೆ ಬೇರೆ ಡಾಕ್ಟರುಗಳ ಜೊತೆ ಕೂತು ಮಾತಾಡಿದಳು. ಐದನೆಯ ದಿನ ಕರೆದು, ಕಾಗದದ ಮೇಲೆ ಹೊಟ್ಟೆಯ ಚಿತ್ರ ಬರೆದು ತೋರಿಸಿದಳು.

'ಈ ಜಾತಿಯ ಗಡ್ಡೆ ಔಷಧಿಗೆ ಅಷ್ಟಾಗಿ ಬಗ್ಗೋದಿಲ್ಲ. ತೆಗೀಬೇಕು. ತೆಗೆದರೆ ಎಡಗಡೆ ಮೂತ್ರಪಿಂಡ, ಒಂದಷ್ಟು ಕರುಳು ಸೇರಿಸಿಯೇ ತೆಗೀಬೇಕು. ರಕ್ತನಾಳದ ಹತ್ತಿರ ಅಪಾಯ ಇದೆ. ರಕ್ತನಾಳದ ಸರ್ಜನ್ ನನ್ನ ಜೊತೆ ನಿಂತಿರ್ತಾರೆ. ಟೇಬಲ್ ಮೇಲೆ ಜೀವ ಹೋಗಬಹುದು. ಬದುಕಿದರೂ ಮತ್ತೆ ಬರಬಹುದು. ಮಾಡಿಸ್ತೀರಾ, ಬೇಡವಾ, ನೀವೇ ಯೋಚನೆ ಮಾಡಿ ಹೇಳಿ.'

ಸಿದ್ದರಾಯ ಗೋಡೆಗೆ ಒರಗಿ ನಿಂತಿದ್ದ. ರೇವವ್ವ ಚಿತ್ರದಲ್ಲಿ ಗಡ್ಡೆಯ ಗೆರೆಯ ಸುತ್ತ ಬೆರಳಾಡಿಸಿದಳು.

'ಒಂದ ಕೇಳ್ತೇನಿ ರೀ. ಆರ ತಿಂಗಳ ಹಿಂದ ಈ ಕಾಗದ ಸಿಕ್ಕಿದ್ರ?'

ಡಾಕ್ಟರು ಒಮ್ಮೆ ಸಿದ್ದರಾಯನ ಕಡೆ ನೋಡಿದಳು. 'ಆಗ ಇಷ್ಟು ಕಷ್ಟ ಇರ್ತಿರಲಿಲ್ಲ' ಎಂದಳು.

ಸಿದ್ದರಾಯ ಗೋಡೆಯ ಬುಡಕ್ಕೆ ಕೂತು ಮುಖ ಮುಚ್ಚಿಕೊಂಡ. ರೇವವ್ವನ ಕೈ ಅಭ್ಯಾಸಬಲದಿಂದ ಅವನ ತಲೆಯ ಕಡೆ ಹೋಯಿತು, ಅರ್ಧಕ್ಕೆ ನಿಂತಿತು. ಸಿಟ್ಟು ಹಾಗೆ ಒಂದು ಗಳಿಗೆಯಲ್ಲಿ ಇಳಿಯುವಂಥದ್ದಲ್ಲ. ಇಳಿಯಲೂ ಬಾರದು.

'ಮಾಡ್ರಿ' ಎಂದಳು ಡಾಕ್ಟರಿಗೆ. 'ಸಹಿ ನಾ ಮಾಡ್ತೇನಿ. ಉಳಿದವರು ಸಾಕ್ಷಿಗೆ ಬೇಕಾದ್ರ ಮಾಡ್ಲಿ.'

ಎಂಟು ತಾಸು ಹಿಡಿಯಿತು. ಬೆಳಗಿನ ಏಳಕ್ಕೆ ಒಳಗೆ ಹೋದವಳು ಮಧ್ಯಾಹ್ನ ಮೂರರ ಮೇಲೆ ಹೊರಬಂದಳು. ಮರುದಿನ ಸಂಜೆಗೆ ಪೂರ್ತಿ ಎಚ್ಚರವಾದಳು. ಬಾಯಿ ಒಣಗಿತ್ತು, ಮೈತುಂಬ ಕೊಳವೆ. ರಾಜಶ್ರೀ ತುಟಿಗೆ ನೀರು ಹಚ್ಚುತ್ತಿದ್ದಳು, ಸಿದ್ದರಾಯ ಕಾಲ ಹತ್ತಿರ ನಿಂತಿದ್ದ. ಸರದಿಯಲ್ಲಿದ್ದ ಕಿರಿಯ ಡಾಕ್ಟರೊಬ್ಬ ಬಂದು ಪಟ್ಟಿ ನೋಡಿ, ಸಿದ್ದರಾಯನಿಗೆ ಕಣ್ಣಲ್ಲೇ ಸನ್ನೆ ಮಾಡಿದ.

'ಸ್ವಲ್ಪ ಹೊರಗೆ ಬರ್ತೀರಾ ಸರ್? ಆಪರೇಷನ್ ವಿಷಯ ಹೇಳಬೇಕಿತ್ತು.'

ಸಿದ್ದರಾಯ ಅಲುಗಲಿಲ್ಲ. ಮಂಚದ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.

'ಹೊರಗ ಯಾಕ್ರಿ?' ಎಂದ. 'ಅಕ್ಕ ಇಲ್ಲೇ ಅದಾಳ. ಎಚ್ಚರಾಗ್ಯಾಳ. ಆಕಿಗೇ ಹೇಳ್ರಿ.'

ಹುಡುಗ ಡಾಕ್ಟರು ಗೊಂದಲಗೊಂಡ. ಆಮೇಲೆ ರೇವವ್ವನ ಕಡೆ ತಿರುಗಿ, ಬಗ್ಗಿ ಹೇಳಿದ. ಗಡ್ಡೆ ತೆಗೆದಿದ್ದಾರೆ, ಆರೂವರೆ ಕಿಲೋ. ಎಡಗಡೆಯ ಮೂತ್ರಪಿಂಡವೂ ಹೋಗಿದೆ, ಒಂದು ಗೇಣು ಕರುಳು ಹೋಗಿದೆ. ರಕ್ತನಾಳಕ್ಕೆ ಹತ್ತಿದ್ದ ಒಂದು ಸಣ್ಣ ಚೂರನ್ನು ಮಾತ್ರ ಕೀಳಲು ಆಗಲಿಲ್ಲ, ಕಿತ್ತರೆ ಜೀವ ಹೋಗುತ್ತಿತ್ತು. ಹುಣಸೆ ಬೀಜದಷ್ಟು ಉಳಿದಿದೆ. ಮೂರು ತಿಂಗಳಿಗೊಮ್ಮೆ ನೋಡುತ್ತಿರಬೇಕು.

ಅವಳು ಕಣ್ಣು ಮುಚ್ಚಿದಳು. ಮತ್ತೆ ತೆರೆದಾಗ ತಮ್ಮನನ್ನು ಹತ್ತಿರ ಕರೆದಳು. ಅವನು ಬಗ್ಗಿ ಕಿವಿ ಕೊಟ್ಟ.

'ಊರಿಗೆ ಹ್ವಾದ ಮ್ಯಾಲ ಮಂದಿ ಕೇಳ್ತಾರ' ಎಂದಳು. 'ಹುಣಸಿ ಬೀಜದಷ್ಟ ಉಳದೈತಿ ಅಂತ ಹೇಳು. ಎಲ್ಲಾ ಹೋಗೈತಿ ಅನಬ್ಯಾಡ, ಎಲ್ಲಾ ಮುಗದೈತಿ ಅನಬ್ಯಾಡ. ಎಷ್ಟ ಐತೋ ಅಷ್ಟ ಹೇಳು.'

'ಹೇಳ್ತೇನಬೇ ಅಕ್ಕಾ.'

'ಈಗ ಹೇಳು. ನನ್ನ ಮುಂದ ಒಮ್ಮೆ ಹೇಳು.'

ಸಿದ್ದರಾಯ ಕಣ್ಣೊರೆಸಿಕೊಂಡು, ಅಕ್ಕನ ಮುಖ ನೋಡುತ್ತಾ, ಪಾಠ ಒಪ್ಪಿಸುವ ಹುಡುಗನಂತೆ ಹೇಳಿದ.

'ಕ್ಯಾನ್ಸರ್ ಐತಿ. ಹುಣಸಿ ಬೀಜದಷ್ಟ ಉಳದೈತಿ.'